ಹಂಚಿದ ವಿಡಿಯೊ ಯಾರದ್ದು?

ಇವತ್ತು ನಾನು ಮಾತಾಡೋಕೆ ಹೊರಟಿರೋದು ಒಂದೇ ಒಂದು ಆಯ್ಕೆಯ ಬಗ್ಗೆ. ಯೂಟ್ಯೂಬ್‌ಗೆ ವಿಡಿಯೊ ಏರಿಸುವಾಗ ಶೀರ್ಷಿಕೆ, ವಿವರಣೆ, ಥಂಬ್‌ನೇಲ್ ಎಲ್ಲ ತುಂಬಿಸ್ತೀವಿ. ಅದರ ಕೆಳಗೆ ‘ಇನ್ನಷ್ಟು ತೋರಿಸಿ’ ಅಂತ ಇರುತ್ತೆ. ಹೆಚ್ಚಿನವರು ಅದನ್ನ ಒತ್ತೋದೇ ಇಲ್ಲ. ಒತ್ತಿದರೆ ಅಲ್ಲಿ ‘ಲೈಸೆನ್ಸ್’ ಅನ್ನೋ ಜಾಗದಲ್ಲಿ ಎರಡು ಸಾಲು ಕಾಣುತ್ತೆ. ಒಂದು, ಸ್ಟ್ಯಾಂಡರ್ಡ್ ಯೂಟ್ಯೂಬ್ ಲೈಸೆನ್ಸ್. ಇನ್ನೊಂದು, ಕ್ರಿಯೇಟಿವ್ ಕಾಮನ್ಸ್ ಅಟ್ರಿಬ್ಯೂಷನ್.

ಈ ಎರಡರಲ್ಲಿ ಯಾವುದನ್ನ ಆರಿಸಬೇಕು ಅಂತ ನನ್ನನ್ನ ಕೇಳಿದವರಲ್ಲಿ ಹೈಸ್ಕೂಲ್ ಮೇಷ್ಟ್ರುಗಳಿದ್ದಾರೆ, ಹವ್ಯಾಸಿ ನಾಟಕ ತಂಡದವರಿದ್ದಾರೆ, ಅಜ್ಜಿಯ ಸೋಬಾನೆ ಪದ ರೆಕಾರ್ಡ್ ಮಾಡಿಟ್ಟುಕೊಂಡ ಮೊಮ್ಮಕ್ಕಳಿದ್ದಾರೆ. ಎಲ್ಲರ ಆಸೆಯೂ ಒಂದೇ: ಇದು ನಾಲ್ಕು ಜನಕ್ಕೆ ತಲುಪಲಿ. ಭಯವೂ ಒಂದೇ: ಯಾರೋ ಎತ್ತಿಕೊಂಡು ಹೋಗಿ ತಮ್ಮದು ಅಂದುಬಿಟ್ಟರೆ? ಆಸೆ, ಭಯ ಎರಡೂ ನ್ಯಾಯವಾದದ್ದೇ. ಹಾಗಾಗಿ ಉತ್ತರ ಒಂದು ಸಾಲಿನಲ್ಲಿ ಮುಗಿಯಲ್ಲ. ಇವತ್ತು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ.

ಮೊದಲನೇ ಮಾತು. ನೀವು ವಿಡಿಯೊ ಏರಿಸಿದಾಗ ಆಗೋದು ಒಂದು ಒಪ್ಪಂದ ಅಲ್ಲ, ಎರಡು. ಒಂದು, ನಿಮಗೂ ಆ ತಾಣಕ್ಕೂ ಮಧ್ಯೆ. ಇನ್ನೊಂದು, ನಿಮಗೂ ಲೋಕಕ್ಕೂ ಮಧ್ಯೆ. ಜನ ಇವೆರಡನ್ನೂ ಒಂದೇ ಅಂದುಕೊಳ್ತಾರೆ, ಗೊಂದಲ ಶುರುವಾಗೋದೇ ಅಲ್ಲಿ.

ಸಂತೆ ನೋಡಿ. ಮೈದಾನ ಪಂಚಾಯ್ತಿಯದ್ದು, ಬದನೆಕಾಯಿ ನಿಮ್ಮದು. ಅಂಗಡಿ ಹಾಕೋಕೆ ಸುಂಕ ಕೊಡ್ತೀರಿ, ಎಲ್ಲಿ ಕೂರಬೇಕು, ಎಷ್ಟು ಹೊತ್ತಿಗೆ ಏಳಬೇಕು ಅನ್ನೋದನ್ನ ಮೈದಾನದವರು ಹೇಳ್ತಾರೆ. ಬದನೆಕಾಯಿನ ಮಾರ್ತೀರೋ, ಹಂಚ್ತೀರೋ, ಯಾರಿಗೆ ಕೊಡ್ತೀರೋ ಅದು ನಿಮಗೆ ಬಿಟ್ಟಿದ್ದು. ವಿಡಿಯೊ ತಾಣದ ಷರತ್ತು ಅಂದರೆ ಮೈದಾನದ ನಿಯಮ. ಕ್ರಿಯೇಟಿವ್ ಕಾಮನ್ಸ್ ಅಂದರೆ ನಿಮ್ಮ ಬುಟ್ಟಿಯ ಮೇಲೆ ನೀವೇ ಹಾಕಿದ ಬೋರ್ಡು.

ಈಗ ಮೈದಾನದ ನಿಯಮ ಓದೋಣ. ಯೂಟ್ಯೂಬ್‌ನ ಸೇವಾ ಷರತ್ತುಗಳಲ್ಲಿ ಮೊದಲೇ ಒಂದು ಸಮಾಧಾನದ ಮಾತಿದೆ: ವಿಡಿಯೊದ ಒಡೆತನ ನಿಮ್ಮದೇ. ಅದು ನಿಜ. ಆದರೆ ಅದರ ಬೆನ್ನಿಗೇ ನೀವು ಯೂಟ್ಯೂಬ್‌ಗೆ ಒಂದು ಪರವಾನಗಿ ಕೊಡ್ತೀರಿ. ಅದು ಜಗತ್ತಿನಾದ್ಯಂತ ನಡೆಯುವಂಥದ್ದು. ಅದಕ್ಕೆ ರಾಯಧನ ಇಲ್ಲ. ಅದನ್ನ ಅವರು ಇನ್ನೊಬ್ಬರಿಗೆ ವರ್ಗಾಯಿಸಬಹುದು, ಉಪ-ಪರವಾನಗಿಯಾಗಿಯೂ ಕೊಡಬಹುದು. ನಕಲು ಮಾಡೋದು, ಹಂಚೋದು, ಮಾರ್ಪಡಿಸೋದು, ತೋರಿಸೋದು ಎಲ್ಲವೂ ಅದರಲ್ಲಿ ಬರುತ್ತೆ. ಕೇಳಿದರೆ ಗಾಬರಿಯಾಗುತ್ತೆ, ಆದರೆ ಇದರಲ್ಲಿ ಸಾಕಷ್ಟು ಭಾಗ ತಾಂತ್ರಿಕ ಅಗತ್ಯ. ನಿಮ್ಮ ವಿಡಿಯೊನ ಮೊಬೈಲಿಗೆ ಬೇಕಾದ ಅಳತೆಗೆ ಇಳಿಸಬೇಕು, ಬೇರೆ ಬೇರೆ ದೇಶದ ಸರ್ವರ್‌ಗಳಲ್ಲಿ ನಕಲು ಇಡಬೇಕು. ಅನುಮತಿ ಇಲ್ಲದೆ ಅದನ್ನ ಮಾಡೋಕಾಗಲ್ಲ. ಗಮನಿಸಬೇಕಾದ್ದು ಇನ್ನೊಂದು ಪದವನ್ನ. ಸೇವೆಗೆ ಮಾತ್ರ ಅಲ್ಲ, ಯೂಟ್ಯೂಬ್‌ನ ‘ವ್ಯವಹಾರ’ಕ್ಕೆ ಸಂಬಂಧಿಸಿದಂತೆಯೂ ಈ ಪರವಾನಗಿ ಅನ್ವಯಿಸುತ್ತೆ.

ಎರಡನೆಯದಾಗಿ, ಬೇರೆ ಬಳಕೆದಾರರಿಗೂ ನೀವು ಒಂದು ಅನುಮತಿ ಕೊಡ್ತೀರಿ. ಆದರೆ ಅದು ಬಹಳ ಸಣ್ಣದು. ಆ ತಾಣದ ಒಳಗೆ, ತಾಣ ಒದಗಿಸಿದ ಸೌಲಭ್ಯದ ಮೂಲಕ ನೋಡಬಹುದು, ಬೇರೆ ಪುಟದಲ್ಲಿ ಎಂಬೆಡ್ ಮಾಡಬಹುದು. ಇಳಿಸಿಕೊಂಡು ಕತ್ತರಿಸಿ ಹೊಸ ವಿಡಿಯೊ ಮಾಡೋಕೆ ಈ ಸ್ಟ್ಯಾಂಡರ್ಡ್ ಲೈಸೆನ್ಸ್ ಬಿಡಲ್ಲ.

ಮೂರನೆಯದು ಹಣದ ವಿಷಯ. ನಾನು ಜಾಹೀರಾತು ಆನ್ ಮಾಡಿಲ್ಲ, ಹಾಗಾಗಿ ನನ್ನ ವಿಡಿಯೊದಲ್ಲಿ ಜಾಹೀರಾತು ಬರಲ್ಲ ಅಂತ ಬಹಳ ಜನ ನಂಬಿದ್ದಾರೆ. 2020ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ, ಆಮೇಲೆ 2021ರಲ್ಲಿ ಉಳಿದ ಕಡೆ ಯೂಟ್ಯೂಬ್ ತನ್ನ ಷರತ್ತು ತಿದ್ದಿತು. ಪಾರ್ಟ್‌ನರ್ ಕಾರ್ಯಕ್ರಮದಲ್ಲಿ ಇಲ್ಲದ ಚಾನೆಲ್‌ಗಳ ವಿಡಿಯೊಗಳಲ್ಲೂ ಕಂಪನಿ ಜಾಹೀರಾತು ತೋರಿಸಬಹುದು. ಪಾರ್ಟ್‌ನರ್ ಅಲ್ಲದವರಿಗೆ ಅದರಲ್ಲಿ ಪಾಲಿಲ್ಲ. ಇಷ್ಟು ಮೈದಾನದ ಕತೆ.

ಈಗ ಬುಟ್ಟಿಯ ಮೇಲಿನ ಬೋರ್ಡು. ಕ್ರಿಯೇಟಿವ್ ಕಾಮನ್ಸ್ ಅನ್ನೋ ಸಂಸ್ಥೆ ಶುರುವಾಗಿದ್ದು 2001ರಲ್ಲಿ, ಅಮೆರಿಕದ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಮತ್ತು ಜೊತೆಗಾರರಿಂದ. ಮೊದಲ ಪರವಾನಗಿಗಳು ಹೊರಬಂದದ್ದು 2002ರ ಡಿಸೆಂಬರ್‌ನಲ್ಲಿ. ಈಗ ಬಳಕೆಯಲ್ಲಿರುವ 4.0 ಆವೃತ್ತಿ 2013ರ ನವೆಂಬರ್‌ನದು. ಇದರ ಹಿಂದಿನ ಯೋಚನೆ ಸರಳ. ಕಾಪಿರೈಟ್ ಅನ್ನೋದು ನೀವು ಬರೆದ ಕ್ಷಣದಿಂದ, ಚಿತ್ರೀಕರಿಸಿದ ಕ್ಷಣದಿಂದ ತಾನಾಗಿ ಹುಟ್ಟುತ್ತೆ. ಎಲ್ಲೂ ನೋಂದಾಯಿಸಬೇಕಾಗಿಲ್ಲ. ನೀವು ಸುಮ್ಮನಿದ್ದರೆ ‘ಎಲ್ಲ ಹಕ್ಕು ಕಾದಿರಿಸಿದೆ’ ಅಂತಲೇ ಅರ್ಥ. ಹಂಚಬೇಕು ಅಂದುಕೊಂಡವನು ಬಂದು ಕೇಳಿದ ಪ್ರತಿಯೊಬ್ಬನಿಗೂ ಪತ್ರ ಬರೆದುಕೊಡಬೇಕು. ಅದರ ಬದಲು ಎಲ್ಲರಿಗೂ ಒಂದೇ ಸಲ ಬರೆದಿಟ್ಟ ಪತ್ರ ಈ ಪರವಾನಗಿ.

ಇದರಲ್ಲಿ ನಾಲ್ಕು ತುಂಡುಗಳಿವೆ. ‘ಬೈ’ ಅಂದರೆ ಹೆಸರು ಹೇಳಬೇಕು. ‘ಎಸ್‌ಎ’ ಅಂದರೆ, ಇದರಿಂದ ಹೊಸದೇನಾದರೂ ಮಾಡಿ ಹಂಚಿದರೆ ಅದನ್ನೂ ಇದೇ ಷರತ್ತಿನಲ್ಲೇ ಹಂಚಬೇಕು. ‘ಎನ್‌ಸಿ’ ಅಂದರೆ ವಾಣಿಜ್ಯ ಬಳಕೆ ಸಲ್ಲದು. ‘ಎನ್‌ಡಿ’ ಅಂದರೆ ತಿದ್ದಿ ಹಂಚುವಂತಿಲ್ಲ. ಇವನ್ನ ಜೋಡಿಸಿದರೆ ಆರು ಪರವಾನಗಿ ಆಗುತ್ತೆ. ಆರರಲ್ಲೂ ‘ಬೈ’ ಇದ್ದೇ ಇರುತ್ತೆ, ಹೆಸರು ಬಿಡೋ ಹಾಗಿಲ್ಲ. ಹಕ್ಕೇ ಬೇಡ ಅನ್ನುವವರಿಗೆ 2009ರಲ್ಲಿ ಬಂದ ಸಿಸಿ ಜೀರೊ ಅಂತ ಬೇರೆ ಇದೆ.

ನಮ್ಮ ದೇಶದಲ್ಲಿ ಇದು ಕಾನೂನಿಗೆ ಒಪ್ಪುತ್ತಾ ಅಂತ ಕೇಳ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಹಕ್ಕುದಾರ ಲಿಖಿತವಾಗಿ ಪರವಾನಗಿ ಕೊಡಬಹುದು. ಮೊದಲು ‘ಸಹಿ ಮಾಡಿದ’ ಅಂತ ಇತ್ತು, 2012ರ ತಿದ್ದುಪಡಿಯಲ್ಲಿ ಆ ಸಹಿಯ ಮಾತನ್ನ ತೆಗೆದರು. ಆನ್‌ಲೈನ್‌ನಲ್ಲಿ ಬರೆದುಕೊಡುವವರಿಗೆ ಇದು ಅನುಕೂಲವಾಯ್ತು.

ಯೂಟ್ಯೂಬ್ ಈ ಆಯ್ಕೆ ತಂದದ್ದು 2011ರ ಜೂನ್‌ನಲ್ಲಿ. ಆದರೆ ಆರರಲ್ಲಿ ಅದು ಕೊಡೋದು ಒಂದೇ ಒಂದನ್ನ: ಸಿಸಿ ಬೈ. ಅಂದರೆ ಹೆಸರು ಹೇಳಿದರೆ ಸಾಕು. ಯಾರು ಬೇಕಾದರೂ ಕತ್ತರಿಸಬಹುದು, ಸೇರಿಸಬಹುದು, ದುಡ್ಡೂ ಮಾಡಬಹುದು. ‘ವಾಣಿಜ್ಯ ಬಳಕೆ ಬೇಡ’ ಅಂತಲೋ, ‘ಅದೇ ಷರತ್ತಿನಲ್ಲಿ ಹಂಚಿ’ ಅಂತಲೋ ಹೇಳೋ ಗುಂಡಿ ಅಲ್ಲಿಲ್ಲ. ವಿಮಿಯೊದಲ್ಲಿ ಆರೂ ಸಿಗುತ್ತೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಇದರ ಉಲ್ಟಾ: ಸಿಸಿ ಬೈ, ಸಿಸಿ ಬೈ-ಎಸ್‌ಎ, ಸಿಸಿ ಜೀರೊ ಇಂಥ ಪೂರ್ತಿ ಮುಕ್ತ ಪರವಾನಗಿಗಳನ್ನ ಮಾತ್ರ ತಗೊಳ್ತಾರೆ, ‘ಎನ್‌ಸಿ’ ‘ಎನ್‌ಡಿ’ ಇದ್ದರೆ ವಾಪಸ್. ಒಂದೊಂದು ಮೈದಾನದ ಲೆಕ್ಕ ಒಂದೊಂದು ಥರ.

ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ. ಯೂಟ್ಯೂಬ್‌ನ ಮೆನುವಿನಲ್ಲಿ ‘ಕ್ರಿಯೇಟಿವ್ ಕಾಮನ್ಸ್’ ಆರಿಸ್ತಾರೆ, ಕೆಳಗೆ ವಿವರಣೆಯಲ್ಲಿ ‘ವಾಣಿಜ್ಯ ಬಳಕೆಗೆ ಅನುಮತಿ ಇಲ್ಲ’ ಅಂತ ಬರೀತಾರೆ. ಒಂದು ಕೈ ಕೊಡ್ತಿದೆ, ಇನ್ನೊಂದು ಕೈ ಕಿತ್ಕೊಳ್ತಿದೆ. ನಾಳೆ ತಕರಾರು ಬಂದರೆ ಯಾವುದನ್ನ ನಂಬಬೇಕು? ನಿಮಗೆ ಸಿಸಿ ಬೈ-ಎನ್‌ಸಿ-ಎಸ್‌ಎ ಬೇಕಿದ್ದರೆ ಮೆನುವಿನಲ್ಲಿ ಸ್ಟ್ಯಾಂಡರ್ಡ್ ಲೈಸೆನ್ಸ್ ಇರಲಿ, ವಿವರಣೆಯಲ್ಲಿ ಪರವಾನಗಿಯ ಪೂರ್ತಿ ಹೆಸರು, ಆವೃತ್ತಿ, ಕೊಂಡಿ ಬರೆಯಿರಿ. ಲೋಕಕ್ಕೆ ಅನುಮತಿ ಕೊಡೋದು ನೀವು, ಮೆನು ಅಲ್ಲ.

ಈ ಎರಡು ಒಪ್ಪಂದಗಳು ಡಿಕ್ಕಿ ಹೊಡೆದಾಗ ಏನಾಗುತ್ತೆ ಅನ್ನೋದಕ್ಕೆ 2018ರ ಜೂನ್ ತಿಂಗಳನ್ನ ನೆನಪಿಸ್ತೀನಿ. ಅಮೆರಿಕದ ಎಂಐಟಿ ತನ್ನ ತರಗತಿಗಳನ್ನ ‘ಓಪನ್ ಕೋರ್ಸ್‌ವೇರ್’ ಅಂತ ಸಿಸಿ ಬೈ-ಎನ್‌ಸಿ-ಎಸ್‌ಎ ಪರವಾನಗಿಯಲ್ಲಿ ಕೊಡುತ್ತೆ. ನಮ್ಮೂರ ಎಂಜಿನಿಯರಿಂಗ್ ಹುಡುಗರು ರಾತ್ರಿ ಕೂತು ನೋಡುವ ಪಾಠಗಳವು. ನೆದರ್‌ಲೆಂಡ್ಸ್‌ನ ಬ್ಲೆಂಡರ್ ಫೌಂಡೇಷನ್, ಅನಿಮೇಷನ್ ಮಾಡುವ ಮುಕ್ತ ತಂತ್ರಾಂಶದವರು, ‘ಬಿಗ್ ಬಕ್ ಬನ್ನಿ’, ‘ಸಿಂಟೆಲ್’ ಥರದ ಕಿರುಚಿತ್ರಗಳನ್ನ ಸಿಸಿ ಬೈ ಅಡಿಯಲ್ಲಿ ಬಿಟ್ಟವರು. ಆ ಜೂನ್‌ನಲ್ಲಿ ಒಂದು ದಿನ ಈ ಎರಡೂ ಚಾನೆಲ್‌ಗಳ ವಿಡಿಯೊಗಳು ಕಾಣದಾದವು. ತೆರೆದರೆ ‘ಈ ವಿಡಿಯೊ ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಅಂತ ಬರ್ತಿತ್ತು. ತಡೆ ಹಾಕಿದ್ದು ಅವರದೇ ಹೆಸರಲ್ಲಿ: ಬ್ಲೆಂಡರ್‌ನ ವಿಡಿಯೊದಲ್ಲಿ ಬ್ಲೆಂಡರ್‌ನ ಸಾಮಗ್ರಿ ಇದೆ, ಹಾಗಾಗಿ ತೋರಿಸೋಕಾಗಲ್ಲ ಅಂತ!

ಬ್ಲೆಂಡರ್ ತನ್ನ ಚಾನೆಲ್ಲಿನಲ್ಲಿ ಜಾಹೀರಾತು ಬೇಡ ಅಂತ ಇಟ್ಟುಕೊಂಡಿತ್ತು. ಹೊಸ ಒಪ್ಪಂದಕ್ಕೆ ಸಹಿ ಮಾಡಿ, ಹಣಗಳಿಕೆ ಆನ್ ಮಾಡಿ ಅಂತ ಯೂಟ್ಯೂಬ್ ಕಡೆಯಿಂದ ಹೇಳಿದ್ದನ್ನ ಅವರು ಬಹಿರಂಗವಾಗಿ ಪ್ರಕಟಿಸಿದರು. ಪಾಲುದಾರಿಕೆ ಒಪ್ಪಂದಗಳನ್ನ ನವೀಕರಿಸುವಾಗ ಕೆಲವೇ ತಾಣಗಳ ವಿಡಿಯೊಗೆ ತಡೆ ಬಿದ್ದಿದೆ, ಸರಿಪಡಿಸ್ತಿದ್ದೀವಿ ಅಂತ ಯೂಟ್ಯೂಬ್ ವಿವರಣೆ ಕೊಟ್ಟಿತು. ಕೆಲವು ದಿನಗಳಲ್ಲಿ ವಿಡಿಯೊಗಳು ವಾಪಸ್ ಬಂದವು. ಆದರೆ ಅಷ್ಟರಲ್ಲಿ ಬ್ಲೆಂಡರ್‌ನವರು ಪೀರ್‌ಟ್ಯೂಬ್ ಅನ್ನೋ ಮುಕ್ತ ತಂತ್ರಾಂಶದಲ್ಲಿ ತಮ್ಮದೇ ತಾಣ ಮಾಡುವ ಪ್ರಯೋಗ ಶುರುಮಾಡಿದ್ದರು.

ಇದರಲ್ಲಿ ನಾವು ಕಾಣಬೇಕಾದ್ದೇನು? ಪರವಾನಗಿಯಲ್ಲಿ ತಪ್ಪಿರಲಿಲ್ಲ. ಕಾನೂನು ಪ್ರಕಾರ ಆ ಪಾಠಗಳನ್ನ ಯಾರು ಬೇಕಾದರೂ ಹಂಚಬಹುದಿತ್ತು. ಆದರೆ ಪಾಠ ಇದ್ದ ಮೈದಾನದ ಗೇಟು ಮುಚ್ಚಿತ್ತು. ಬೇರೆ ಕಡೆ ಪ್ರತಿ ಇಟ್ಟಿದ್ದವರಿಗೆ ತೊಂದರೆಯಾಗಲಿಲ್ಲ. ಎಂಐಟಿಯ ಪಾಠಗಳು ಇಂಟರ್‌ನೆಟ್ ಆರ್ಕೈವ್‌ನಲ್ಲೂ ಇದ್ದವು.

ಗೇಟಿನ ವಿಷಯ ಬಂತು ಅಂತ ಇನ್ನೊಂದು ಹೇಳ್ತೀನಿ. ನೀವು ಸಿಸಿ ಬೈ ಅಂತ ಗುರುತು ಹಾಕಿದ ವಿಡಿಯೊನ ಬೇರೆಯವರು ಕತ್ತರಿಸಿ ಬಳಸಬಹುದು ಅಂತ ನೀವೇ ಅನುಮತಿ ಕೊಟ್ಟಿದ್ದೀರಿ. ಬಳಸಬೇಕಾದರೆ ಅವರಿಗೆ ಫೈಲ್ ಬೇಕು. ಆದರೆ ತಾಣ ಕೊಟ್ಟ ಗುಂಡಿ ಇಲ್ಲದೆ ಇಳಿಸಿಕೊಳ್ಳಬಾರದು ಅಂತ ಯೂಟ್ಯೂಬ್‌ನ ಷರತ್ತು ಹೇಳುತ್ತೆ. ಮೊದಲು ಯೂಟ್ಯೂಬ್‌ನಲ್ಲೇ ಒಂದು ಎಡಿಟರ್ ಇತ್ತು, ಅದರ ಒಳಗೇ ಸಿಸಿ ವಿಡಿಯೊಗಳನ್ನ ತಗೊಂಡು ಜೋಡಿಸಬಹುದಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಅದನ್ನ ನಿಲ್ಲಿಸಿದರು. ಈಗ ಊಟಕ್ಕೆ ಕರೆದಿದ್ದೀವಿ, ಎಲೆ ಮಾತ್ರ ಹಾಕಿಲ್ಲ ಅನ್ನೋ ಹಾಗಿದೆ. ನಿಜವಾಗಿ ಹಂಚಬೇಕು ಅನ್ನುವವರು ಮೂಲ ಫೈಲನ್ನ ಇಳಿಸಿಕೊಳ್ಳಲು ಬಿಡುವ ಕಡೆಯೂ ಹಾಕಬೇಕು.

ಮುಂದಿನ ತೊಡಕು ಕಂಟೆಂಟ್ ಐಡಿ. 2007ರಿಂದ ಇರುವ ವ್ಯವಸ್ಥೆ ಇದು. ದೊಡ್ಡ ಹಕ್ಕುದಾರರು ತಮ್ಮ ಹಾಡು, ಸಿನಿಮಾದ ಮಾದರಿ ಕೊಟ್ಟಿರ್ತಾರೆ. ಹೊಸದಾಗಿ ಬರುವ ಪ್ರತಿ ವಿಡಿಯೊನ ಯಂತ್ರ ಅದರ ಜೊತೆ ಹೋಲಿಸುತ್ತೆ. ಹೋಲಿಕೆ ಕಂಡರೆ ‘ಕ್ಲೇಮ್’ ಬೀಳುತ್ತೆ. ಆಗ ಜಾಹೀರಾತಿನ ಹಣ ಅವರಿಗೆ ಹೋಗಬಹುದು, ಅಥವಾ ವಿಡಿಯೊ ಮುಚ್ಚಬಹುದು. ಯಂತ್ರಕ್ಕೆ ಹೋಲಿಕೆ ಗೊತ್ತು, ಪರವಾನಗಿ ಗೊತ್ತಿಲ್ಲ.

2012ರ ಆಗಸ್ಟ್‌ನಲ್ಲಿ ನಾಸಾದ ಕ್ಯೂರಿಯಾಸಿಟಿ ನೌಕೆ ಮಂಗಳನ ಮೇಲೆ ಇಳಿಯಿತು. ನಾಸಾ ತನ್ನ ಚಾನೆಲ್ಲಿಗೆ ಹಾಕಿದ ವಿಡಿಯೊನ ಯೂಟ್ಯೂಬ್ ತೆಗೆದುಹಾಕಿತು, ಯಾಕಂದರೆ ಒಂದು ಸುದ್ದಿ ಸಂಸ್ಥೆಯ ಹೆಸರಿನಲ್ಲಿ ಅದರ ಮೇಲೆ ಕ್ಲೇಮ್ ಬಂದಿತ್ತು. ಅಮೆರಿಕದ ಸರ್ಕಾರಿ ಸಂಸ್ಥೆಯ ಕೃತಿಗೆ ಅಲ್ಲಿ ಕಾಪಿರೈಟೇ ಇಲ್ಲ! ಆಮೇಲೆ ಸರಿಪಡಿಸಿದರು. 2014ರಲ್ಲಿ ಬ್ಲೆಂಡರ್‌ನ ‘ಸಿಂಟೆಲ್’ ಕೂಡ ಒಂದು ದೊಡ್ಡ ಸಿನಿಮಾ ಕಂಪನಿಯ ಕ್ಲೇಮ್‌ನಿಂದ ಸ್ವಲ್ಪ ಕಾಲ ಮುಚ್ಚಿಹೋಗಿತ್ತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ಸಂಗೀತಗಾರ ತಾನೇ ಕಂಪ್ಯೂಟರಿನಲ್ಲಿ ತಯಾರಿಸಿದ ಹತ್ತು ಗಂಟೆಯ ಬರೀ ‘ಸ್ಸ್ಸ್’ ಅನ್ನೋ ಸದ್ದಿನ ವಿಡಿಯೊಗೆ ಐದು ಕ್ಲೇಮ್ ಬಂದಿದೆ ಅಂತ ತೋರಿಸಿದ್ದು ಸುದ್ದಿಯಾಯ್ತು.

ಸಿಸಿ ಬಳಸುವವರು ಇದರಲ್ಲಿ ಎರಡು ವಿಷಯ ತಿಳಿದಿರಬೇಕು. ಒಂದು, ಕ್ಲೇಮ್ ಇರುವ ವಿಡಿಯೊಗೆ ಸಿಸಿ ಗುರುತು ಹಾಕೋಕೆ ಯೂಟ್ಯೂಬ್ ಬಿಡಲ್ಲ. ಎರಡು, ಕ್ಲೇಮ್ ತಪ್ಪು ಅನಿಸಿದರೆ ಆಕ್ಷೇಪ ಸಲ್ಲಿಸಬಹುದು, ಎದುರಿನವರಿಗೆ ಉತ್ತರಿಸೋಕೆ 30 ದಿನ ಇರುತ್ತೆ. ನಿಮ್ಮ ವಿಡಿಯೊದಲ್ಲಿ ಬೇರೆಯವರ ಸಿಸಿ ಸಂಗೀತ ಬಳಸಿದ್ದರೆ, ಎಲ್ಲಿಂದ ತಗೊಂಡಿರಿ, ಯಾವ ದಿನ, ಯಾವ ಪರವಾನಗಿ ಅಂತ ಆ ಪುಟದ ಸ್ಕ್ರೀನ್‌ಶಾಟ್ ಸಮೇತ ಇಟ್ಟುಕೊಂಡಿರಿ. ಆ ದಿನ ಅದೇ ನಿಮ್ಮ ಪಹಣಿ.

ಇಷ್ಟು ಹೊತ್ತು ‘ನಿಮ್ಮ ವಿಡಿಯೊ, ನಿಮ್ಮ ವಿಡಿಯೊ’ ಅಂತ ಹೇಳ್ತಾ ಬಂದೆ. ಈಗ ಕಷ್ಟದ ಪ್ರಶ್ನೆ. ಅದು ನಿಜವಾಗಿ ನಿಮ್ಮದೇನಾ?

ನಾನು ಕೆಲವು ವರ್ಷಗಳಿಂದ ಗೆಳೆಯರ ಜೊತೆ ಸೇರಿ ಕರಾವಳಿಯ ತಾಳಮದ್ದಳೆ ಕೂಟಗಳನ್ನ ರೆಕಾರ್ಡ್ ಮಾಡ್ತೀನಿ. ಕ್ಯಾಮೆರಾ ನಮ್ಮದು, ಮೈಕು ನಮ್ಮದು, ಎಡಿಟಿಂಗ್ ನಮ್ಮದು. ಕಾಯ್ದೆಯ ಪ್ರಕಾರ ಆ ರೆಕಾರ್ಡಿಂಗ್‌ನ ಹಕ್ಕು ನಿರ್ಮಾಪಕರಾಗಿ ನಮಗೆ ಬರುತ್ತೆ. ಆದರೆ ಒಳಗಿರೋದು ಯಾರ ದನಿ? ಭಾಗವತರದ್ದು, ಮದ್ದಳೆಗಾರರದ್ದು, ಅರ್ಥಧಾರಿಗಳದ್ದು. ಕಾಯ್ದೆಯ 38ನೇ ಸೆಕ್ಷನ್‌ನಲ್ಲಿ ಪ್ರದರ್ಶಕರಿಗೆ ಬೇರೆಯದೇ ಹಕ್ಕಿದೆ, 50 ವರ್ಷದ ಅವಧಿಗೆ. ಪ್ರದರ್ಶಕರು ಅಂದರೆ ಯಾರು ಅಂತ ಕಾಯ್ದೆ ಕೊಡೋ ಪಟ್ಟಿ ಚೆನ್ನಾಗಿದೆ: ನಟ, ಗಾಯಕ, ವಾದ್ಯಗಾರ, ನರ್ತಕ ಅಷ್ಟೇ ಅಲ್ಲ, ದೊಂಬರಾಟದವರು, ಹಾವಾಡಿಗರು, ಉಪನ್ಯಾಸ ಕೊಡುವವರೂ ಅದರಲ್ಲಿದ್ದಾರೆ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡೋದೇ ತಪ್ಪಾಗುತ್ತೆ. ಇನ್ನು ಪ್ರಸಂಗದ ಪದ್ಯ ಯಾರದ್ದು? ಪಾರ್ತಿಸುಬ್ಬನದಾದರೆ ತೊಂದರೆ ಇಲ್ಲ, ಅದು ಎಲ್ಲರ ಸೊತ್ತು. ಇತ್ತೀಚಿನ ಕವಿಯದಾದರೆ ಅವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ.

ಇದು ಬರೀ ಪುಸ್ತಕದ ಮಾತಲ್ಲ. ಯಕ್ಷಗಾನದ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್‌ವರೆಗೆ ಹೋದ ಮೊಕದ್ದಮೆ ನಮ್ಮಲ್ಲೇ ಇದೆ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನ 2001ರಲ್ಲಿ ದೆಹಲಿಯಲ್ಲಿ ಆಡಿದಾಗ, ಕಾರಂತರ ಉಯಿಲಿನ ಮೂಲಕ ಹಕ್ಕು ಪಡೆದವರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ವಿರುದ್ಧ ದಾವೆ ಹೂಡಿದರು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕನ್ನ ಎತ್ತಿಹಿಡಿಯಿತು. ಜೊತೆಗೆ, ಕಾಯ್ದೆಯ 52ನೇ ಸೆಕ್ಷನ್ ಕೊಡುವ ವಿನಾಯಿತಿಯೊಳಗೆ ಬರುವ ಪ್ರದರ್ಶನಗಳಿಗೆ ತಡೆಯಾಜ್ಞೆ ಅಡ್ಡಿಯಾಗಲ್ಲ ಅಂತಲೂ ಸ್ಪಷ್ಟಪಡಿಸಿತು. ಅಂದರೆ, ಯಕ್ಷಗಾನ ಅನ್ನೋ ಪರಂಪರೆ ಎಲ್ಲರದ್ದಾದರೂ, ಅದರೊಳಗೆ ಒಬ್ಬರು ಹೊಸದಾಗಿ ಕಟ್ಟಿದ್ದಕ್ಕೆ ಹಕ್ಕು ಇರಬಹುದು. ‘ಜಾನಪದ ತಾನೇ, ಯಾರದ್ದೂ ಅಲ್ಲ’ ಅನ್ನೋ ಮಾತನ್ನ ಯೋಚಿಸಿ ಆಡಬೇಕು.

ಹಾಗಾಗಿ ನಾವು ಕೂಟಕ್ಕೆ ಮೊದಲೇ ಕಲಾವಿದರ ಹತ್ತಿರ ಕೂತು ಮಾತಾಡ್ತೀವಿ. ಒಬ್ಬ ಹಿರಿಯ ಭಾಗವತರು ಕೇಳಿದ ಪ್ರಶ್ನೆಗಳು ನನಗೆ ಯಾವ ಕಾನೂನು ಪುಸ್ತಕಕ್ಕಿಂತ ಹೆಚ್ಚು ಕಲಿಸಿದವು. ಬೇರೊಬ್ಬರು ಹಾಕಿದ್ದ ಅವರ ಹಾಡುಗಾರಿಕೆಯ ವಿಡಿಯೊದಲ್ಲಿ ಮಧ್ಯೆ ಜಾಹೀರಾತು ಬರ್ತಿತ್ತು. ‘ಅಲ್ಲ ಮಾರಾಯ್ರೆ, ನಾನು ಹಾಡಿದ್ದನ್ನ ನಾನೇ ಕೇಳ್ಲಿಕ್ಕೂ ಸಾಬೂನಿನ ಜಾಹೀರಾತು ನೋಡ್ಬೇಕಾ?’ ಅಂದರು. ನಕ್ಕೆವು. ಆಮೇಲೆ ಅವರು ಹೇಳಿದ್ದು ನಗುವ ಮಾತಾಗಿರಲಿಲ್ಲ. ‘ದುಡ್ಡು ಬಿಡಿ, ಅದು ನನಗೆ ಬರ್ಲಿಕ್ಕಿಲ್ಲ. ಆ ಕರುಣ ರಸದ ಪದ್ಯವನ್ನ ಯಾರೋ ಅರ್ಧ ನಿಮಿಷ ಕತ್ತರಿಸಿ, ಕುಣಿಯುವ ನಾಯಿಮರಿಗೆ ಹಿಂದಿನಿಂದ ಇಟ್ಟಿದ್ದಾರೆ. ನನ್ನ ಮೊಮ್ಮಗಳು ಅದನ್ನೇ ತೋರಿಸಿ, ಅಜ್ಜ ಫೇಮಸ್ ಆದ್ರು ಅಂದ್ಲು. ಅದಕ್ಕೆ ನಿಮ್ಮ ಲೈಸೆನ್ಸಿನಲ್ಲಿ ಎಂತ ಉಂಟು?’

ಎಂತ ಉಂಟು? ಕಾಯ್ದೆಯ 57ನೇ ಸೆಕ್ಷನ್ ಕರ್ತೃವಿಗೆ, 38-ಬಿ ಸೆಕ್ಷನ್ ಪ್ರದರ್ಶಕನಿಗೆ ಒಂದು ನೈತಿಕ ಹಕ್ಕು ಕೊಡುತ್ತೆ. ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕು, ಗೌರವಕ್ಕೆ ಧಕ್ಕೆ ತರುವ ಹಾಗೆ ತಿರುಚಿದರೆ ತಡೆಯುವ ಹಕ್ಕು. ಕ್ರಿಯೇಟಿವ್ ಕಾಮನ್ಸ್ 4.0ರಲ್ಲಿ ನೈತಿಕ ಹಕ್ಕನ್ನ ಪರವಾನಗಿಯಾಗಿ ಕೊಡೋದಿಲ್ಲ. ಆದರೆ ಪರವಾನಗಿ ಕೊಟ್ಟ ಬಳಕೆಗೆ ಅಡ್ಡಿಯಾಗುವಷ್ಟರ ಮಟ್ಟಿಗೆ, ಕಾನೂನು ಬಿಟ್ಟಷ್ಟು, ಅದನ್ನ ಚಲಾಯಿಸಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತೆ. ಅಂದರೆ ‘ಬೈ’ ಅಂತ ಕೊಟ್ಟ ಮೇಲೆ, ಕತ್ತರಿಸಿದ್ದಕ್ಕೇ ಬೇಜಾರು ಮಾಡಿಕೊಳ್ಳೋ ಹಾಗಿಲ್ಲ. ಇದನ್ನ ನಾನು ಅವರಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ. ಇನ್ನೊಂದನ್ನೂ ಹೇಳಿದೆ: ಈ ಪರವಾನಗಿ ಒಮ್ಮೆ ಕೊಟ್ಟರೆ ಹಿಂದಕ್ಕೆ ತಗೊಳ್ಳೋಕಾಗಲ್ಲ. ನಾಳೆ ನೀವು ವಿಡಿಯೊ ಅಳಿಸಬಹುದು, ಗುರುತು ಬದಲಿಸಬಹುದು. ಅಷ್ಟರಲ್ಲಿ ಪ್ರತಿ ಪಡೆದವರ ಹಕ್ಕು ಹಾಗೇ ಇರುತ್ತೆ. ವಿಡಿಯೊ ತಾಣದ ಜೊತೆಗಿನ ಒಪ್ಪಂದ, ನೀವು ಅಳಿಸಿದ ಮೇಲೆ ಸ್ವಲ್ಪ ಸಮಯದಲ್ಲಿ ಮುಗಿಯುತ್ತೆ. ಲೋಕದ ಜೊತೆಗಿನದು ಮುಗಿಯಲ್ಲ.

ಹಾಗಿದ್ದರೆ ‘ಎನ್‌ಸಿ-ಎನ್‌ಡಿ’ ಹಾಕಿ ಬಿಗಿ ಮಾಡಿಬಿಡೋಣ, ಅಲ್ವ? ಅದಕ್ಕೂ ಬೆಲೆ ಇದೆ. ಆಗ ಆ ವಿಡಿಯೊ ಕನ್ನಡ ವಿಕಿಪೀಡಿಯದ ‘ತಾಳಮದ್ದಳೆ’ ಲೇಖನದಲ್ಲಿ ಇರೋಕಾಗಲ್ಲ. ಶಾಲೆಯ ಮೇಷ್ಟ್ರು ಎರಡು ನಿಮಿಷ ಕತ್ತರಿಸಿ, ಕೆಳಗೆ ಪದ್ಯದ ಅರ್ಥ ಬರೆದು ಹಂಚೋಕಾಗಲ್ಲ. ಸಾಕ್ಷ್ಯಚಿತ್ರ ಮಾಡುವವರು ಪ್ರತಿ ಸಲ ನಮ್ಮನ್ನ ಹುಡುಕಿಕೊಂಡು ಬರಬೇಕು, ನಾವಿಲ್ಲದ ಮೇಲೆ ಯಾರನ್ನ ಹುಡುಕೋದು? ಕನ್ನಡಕ್ಕೆ ಅಂತರ್ಜಾಲದಲ್ಲಿ ಮುಕ್ತವಾಗಿ ಬಳಸಬಹುದಾದ ಧ್ವನಿ, ದೃಶ್ಯ ಇರೋದೇ ಕಡಿಮೆ. ಬೀಗ ಹಾಕಿದ್ದು ಕಳುವಾಗದೇ ಇರಬಹುದು, ಆದರೆ ಬಳಕೆಯಾಗದೆ ತುಕ್ಕು ಹಿಡಿಯುತ್ತೆ.

ತೆರೆದಿಟ್ಟವರ ಉದಾಹರಣೆಯೂ ನಮ್ಮಲ್ಲಿದೆ. ನಿರಂಜನ ಅವರ ಕೃತಿಗಳನ್ನ ಅವರ ಕುಟುಂಬದವರು 2014ರಲ್ಲಿ ಸಿಸಿ ಬೈ-ಎಸ್‌ಎ ಅಡಿ ಬಿಟ್ಟುಕೊಟ್ಟರು. ಇಲ್ಲದಿದ್ದರೆ 2050ರ ದಶಕದವರೆಗೆ ಕಾಯಬೇಕಿತ್ತು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಸಂಪುಟಗಳೂ ಹೀಗೆಯೇ ಮುಕ್ತ ಪರವಾನಗಿಯಲ್ಲಿ ವಿಕಿ ಯೋಜನೆಗಳಿಗೆ ಬಂದವು. ಅವರೆಲ್ಲ ಹಕ್ಕು ಬಿಟ್ಟುಕೊಡಲಿಲ್ಲ, ಗಮನಿಸಿ. ಹಕ್ಕು ಇಟ್ಟುಕೊಂಡೇ ಅನುಮತಿ ಕೊಟ್ಟರು.

ಕೊನೆಗೆ ಭಾಗವತರೇ ಒಂದು ದಾರಿ ಹುಡುಕಿದರು. ಪೂರ್ತಿ ಕೂಟ ಬೇಡ, ಅದು ಅರ್ಥಧಾರಿಗಳೆಲ್ಲರದ್ದು, ಅದಕ್ಕೆ ಬಿಗಿ ಪರವಾನಗಿಯೇ ಇರಲಿ ಅಂದರು. ರಾಗ, ತಾಳ, ಮಟ್ಟುಗಳನ್ನ ತೋರಿಸೋ ಸಣ್ಣ ಸಣ್ಣ ಪಾಠಗಳನ್ನ ಬೇರೆಯಾಗಿ, ಹಳೆಯ ಪ್ರಸಂಗದ ಪದ್ಯಗಳಲ್ಲೇ ಹಾಡಿಕೊಡ್ತೇನೆ, ಅದನ್ನ ಯಾರು ಬೇಕಾದರೂ ಬಳಸಲಿ ಅಂದರು. ‘ಅದನ್ನ ನಾಯಿಮರಿಗೆ ಇಟ್ಟರೂ ಅಡ್ಡಿಲ್ಲ, ತಾಳ ತಪ್ಪದಿದ್ದರೆ ಸಾಕು.’ ಈಗ ಆ ಪಾಠಗಳು ಸಿಸಿ ಬೈ-ಎಸ್‌ಎ ಅಡಿಯಲ್ಲಿವೆ. ಪೂರ್ತಿ ಕೂಟಗಳು ಬೈ-ಎನ್‌ಸಿ-ಎನ್‌ಡಿ. ಒಪ್ಪಿಗೆಯ ಹಾಳೆ ಕನ್ನಡದಲ್ಲಿದೆ, ಒಂದೇ ಪುಟ, ಅದರ ಒಂದು ಪ್ರತಿ ಕಲಾವಿದರ ಮನೆಯಲ್ಲೇ ಇದೆ.

ನೀವು ಮಾಡಬೇಕಾದ್ದನ್ನ ಚಿಕ್ಕದಾಗಿ ಹೇಳಿಬಿಡ್ತೀನಿ. ಮೊದಲು, ವಿಡಿಯೊದಲ್ಲಿ ಯಾರ್ಯಾರ ಪಾಲಿದೆ ಅಂತ ಪಟ್ಟಿ ಮಾಡಿ: ದನಿ, ಪದ್ಯ, ಸಂಗೀತ, ಚಿತ್ರ. ಮೇಷ್ಟ್ರುಗಳೇ, ನೀವು ಕೆಲಸದ ಭಾಗವಾಗಿ ಮಾಡಿದ ಪಾಠವಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ ಅದರ ಹಕ್ಕು ಸಂಸ್ಥೆಯದ್ದಾಗಿರುತ್ತೆ, ಮೊದಲು ಅವರಿಂದ ಬರೆಸಿಕೊಳ್ಳಿ. ಎರಡನೆಯದು, ಎಲ್ಲರ ಒಪ್ಪಿಗೆ ಲಿಖಿತವಾಗಿರಲಿ, ‘ಹಿಂದಕ್ಕೆ ತಗೊಳ್ಳೋಕಾಗಲ್ಲ’ ಅನ್ನೋ ಸಾಲು ಅದರಲ್ಲಿ ಎದ್ದು ಕಾಣಲಿ. ಮೂರು, ಪರವಾನಗಿಯ ಹೆಸರನ್ನ ವಿವರಣೆಯಲ್ಲಷ್ಟೇ ಅಲ್ಲ, ವಿಡಿಯೊದ ಒಳಗೇ ಕೊನೆಯ ಚೌಕಟ್ಟಿನಲ್ಲಿ ಬರೆಯಿರಿ. ವಿವರಣೆ ಕಳಚಿಹೋಗುತ್ತೆ, ಚೌಕಟ್ಟು ವಿಡಿಯೊ ಜೊತೆ ಹೋಗುತ್ತೆ. ನಾಲ್ಕು, ಒಂದೇ ಮೈದಾನವನ್ನ ನಂಬಬೇಡಿ. ಯೂಟ್ಯೂಬ್‌ನಲ್ಲಿ ನೋಡುವವರಿದ್ದಾರೆ, ಅಲ್ಲಿ ಹಾಕಿ. ಇಂಟರ್‌ನೆಟ್ ಆರ್ಕೈವ್‌ನಲ್ಲೋ, ಪರವಾನಗಿ ಹೊಂದಿದರೆ ವಿಕಿಮೀಡಿಯ ಕಾಮನ್ಸ್‌ನಲ್ಲೋ ಒಂದು ಪ್ರತಿ ಇಡಿ, ಮನೆಯ ಹಾರ್ಡ್ ಡಿಸ್ಕ್‌ನಲ್ಲಿ ಮೂಲ ಫೈಲ್ ಇರಲಿ.

ಆ ಎರಡು ಸಾಲಿನ ಮೆನುವಿಗೆ ಬರೋಣ. ನಿಮ್ಮ ವಿಡಿಯೊದಲ್ಲಿ ಇರೋದೆಲ್ಲ ನಿಮ್ಮದೇ ಆಗಿದ್ದು, ನಾಯಿಮರಿಗೆ ಇಟ್ಟರೂ ಪರವಾಗಿಲ್ಲ ಅನಿಸಿದರೆ ಎರಡನೇ ಸಾಲು ಒತ್ತಿ. ಒಬ್ಬರನ್ನಾದರೂ ಕೇಳೋದು ಬಾಕಿ ಇದ್ದರೆ ಇವತ್ತು ಮೊದಲನೇ ಸಾಲು ಹಾಗೇ ಇರಲಿ, ಅವರಿಗೊಂದು ಫೋನ್ ಮಾಡಿ. ಸ್ಟ್ಯಾಂಡರ್ಡ್‌ನಿಂದ ಸಿಸಿಗೆ ಯಾವಾಗ ಬೇಕಾದರೂ ಬರಬಹುದು. ಸಿಸಿಯಿಂದ ಹಿಂದಕ್ಕೆ ಹೋಗೋದು ಹೆಸರಿಗೆ ಮಾತ್ರ.